ಹದಿನೈದರ ಗೆರೆ

ನಮ್ಮೂರಿನ ದರ್ಜಿಗಳು ಯಾರ ಮೈಯನ್ನೂ ಅಳೆಯುವುದಿಲ್ಲ. ಗಿರಾಕಿ ಬಟ್ಟೆ ಕೊಟ್ಟು ಹೆಸರು ಹೇಳಿದರೆ ಸಾಕು, ನಾವು ಟೇಪು ಹಿಡಿದು ಹೈಸ್ಕೂಲಿನ ಹಿಂದಿನ ಗೋಡೆಗೆ ಹೋಗುತ್ತೇವೆ. ಹದಿನೈದು ತುಂಬಿದ ವರ್ಷ, ಸಂಕ್ರಾಂತಿ ಕಳೆದ ಮೊದಲ ಸೋಮವಾರ, ಊರಿನ ಪ್ರತಿ ಹುಡುಗ ಹುಡುಗಿಯೂ ಆ ಗೋಡೆಯ ಮೇಲೆ ಇದ್ದಿಲಿನಿಂದ ತನ್ನ ಮೈಯ ಗೆರೆಯನ್ನು ತಾನೇ ಬರೆಯಬೇಕು. ಕನ್ನಡಿ ಇರುವುದಿಲ್ಲ, ಯಾರೂ ಹೇಳಿಕೊಡುವಂತಿಲ್ಲ. ಬರೆದ ಗೆರೆ ಆಮೇಲೆ ಅಳಿಯುವುದಿಲ್ಲ. ಮಳೆಗೂ ಹೋಗುವುದಿಲ್ಲ, ಸುಣ್ಣ ಬಳಿದರೆ ಎರಡೇ ದಿನಕ್ಕೆ ಸುಣ್ಣದ ಮೇಲೆ ಎದ್ದು ಬರುತ್ತದೆ. ಸತ್ತವರದು ಮಾತ್ರ ತಾನಾಗಿ ಮಾಸುತ್ತದೆ, ಹಾಗಾಗಿ ಗೋಡೆಯಲ್ಲಿ ಜಾಗದ ತೊಂದರೆ ಬಂದಿಲ್ಲ. ಆಮೇಲೆ ಉದ್ದ ಬೆಳೆದರೆ ಉದ್ದ ಬಿಟ್ಟು ಹೊಲಿಯುತ್ತೇವೆ. ಅಗಲ ಮಾತ್ರ ಕೊನೆಯವರೆಗೂ ಗೋಡೆಯದೇ.

ಜನ ಅದಕ್ಕೆ ಹೊಂದಿಕೊಂಡಿದ್ದಾರೆ. ಭುಜ ಅಗಲವಾಗಿ ಬರೆದ ಗಂಡಸರು ಅಂಗಿಯ ಒಳಗೆ ಹತ್ತಿ ತುಂಬಿಸಿಕೊಳ್ಳುತ್ತಾರೆ. ಸಣ್ಣಗೆ ಬರೆದ ಹೆಂಗಸರು ಉಸಿರು ಬಿಗಿಹಿಡಿದು ರವಿಕೆಯ ಗುಂಡಿ ಹಾಕುತ್ತಾರೆ. ಮದುವೆ ಮನೆಯಲ್ಲಿ ಯಾರಾದರೂ ಎಲೆಯ ಮುಂದಿನಿಂದ ಅರ್ಧಕ್ಕೇ ಎದ್ದರೆ ಏಕೆಂದು ಯಾರೂ ಕೇಳುವುದಿಲ್ಲ. ನಲವತ್ತು ದಾಟಿಯೂ ಗೆರೆಗೆ ಸರಿಯಾಗಿರುವವರಿಗೆ ಪ್ರತಿ ವರ್ಷ ಸ್ಕೂಲಿನ ಅಂಗಳದಲ್ಲಿ ಶಾಲು ಹೊದಿಸುತ್ತಾರೆ. ನನ್ನ ಅಕ್ಕ ಇಂದುಮತಿಗೆ ಆರು ಸಲ ಹೊದಿಸಿದ್ದಾರೆ.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಚಿಕ್ಕವಳಿದ್ದಾಗ ಅವಳದು ತುಂಬಿದ ಕೆನ್ನೆ, ಗಟ್ಟಿ ಕೈಕಾಲು. ನಮ್ಮ ಬೀದಿಯಲ್ಲಿ ಬಿಂದಿಗೆ ಎತ್ತುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅವಳಿಗೆ ಹದಿನೈದಾಗುವ ಮುಂಚಿನ ತಿಂಗಳು ಮನೆಯವರೆಲ್ಲ ಫೋಟೋ ತೆಗೆಸಲು ಸ್ಟುಡಿಯೋಗೆ ಹೋಗಿದ್ದೆವು. ಸ್ಟುಡಿಯೋದವನು ಅಕ್ಕನನ್ನು ನೋಡಿ, "ನೀನು ಹಿಂದೆ ನಿಂತ್ಕೋಮ್ಮ, ಮುಂದೆ ನಿಂತ್ರೆ ಬೇರೆಯವರಿಗೆ ಜಾಗ ಸಿಗಲ್ಲ" ಅಂದ. ಅಪ್ಪ ನಕ್ಕರು, ಅಮ್ಮ ನಕ್ಕಳು, ನಾನೂ ನಕ್ಕೆ. ಅಕ್ಕನೂ ನಕ್ಕು ಹಿಂದೆ ಹೋಗಿ ನಿಂತಳು. ತಿಂಗಳ ನಂತರ ಅವಳು ಗೋಡೆಯ ಮೇಲೆ ಬರೆದದ್ದು ಅವಳ ಅರ್ಧದಷ್ಟೂ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಎರಡು ನೇರ ಗೀಟು ಎಳೆದ ಹಾಗಿತ್ತು. ಮೇಷ್ಟ್ರು, "ಇದು ನೀನೇ ಏನಮ್ಮಾ?" ಎಂದು ಕೇಳಿದಾಗ, "ಆಗ್ತೀನಿ ಸಾರ್" ಅಂದಳಂತೆ. ಒಂದೂವರೆ ವರ್ಷದಲ್ಲಿ ಆಗಿಯೂ ಬಿಟ್ಟಳು.

ನನ್ನದು ಬೇರೆ ಕಥೆ. ನಮ್ಮ ಮನೆಯಲ್ಲಿ ಅಕ್ಕನ ಬಟ್ಟೆ ನನಗೆ ಬರುತ್ತಿತ್ತು. ಅವಳ ಗೆರೆಯ ಅಳತೆಗೆ ಹೊಲಿದ ಲಂಗ, ರವಿಕೆಗಳು ನನ್ನ ಸೊಂಟಕ್ಕೆ, ತೋಳಿಗೆ ಏರುತ್ತಲೇ ಇರಲಿಲ್ಲ. ಕೊಕ್ಕೆ ಹಾಕಲು ಅಮ್ಮ ಹಿಂದಿನಿಂದ ಎಳೆಯುವಾಗ, "ಇನ್ನೊಂಚೂರು ಒಳಗೆ ತಗೋ" ಅನ್ನುತ್ತಿದ್ದಳು. ಎರಡು ವರ್ಷ ದಿನಾ ಬೆಳಿಗ್ಗೆ ಅದನ್ನು ಕೇಳಿ ಕೇಳಿ, ನಾನು ತುಂಬ ದಪ್ಪ ಎಂದು ನನಗೆ ಖಾತ್ರಿಯಾಯಿತು. ಖೊಖೋ ಆಡುವುದನ್ನು ಬಿಟ್ಟೆ. ದೊಡ್ಡ ಬೀದಿ ಬಿಟ್ಟು ಓಣಿಯಲ್ಲಿ ನಡೆದೆ. ನನ್ನ ಸರದಿ ಬಂದಾಗ ಗೋಡೆಯ ಮೇಲೆ ಎರಡೂ ಕೈ ಅಗಲಿಸಿ ದೊಡ್ಡದಾಗಿ ಬರೆದೆ. ಬರೆದು ಹಿಂದೆ ಸರಿದು ನೋಡಿದಾಗ ಅದು ಹೆಚ್ಚಾಯಿತು ಅನ್ನಿಸಲೇ ಇಲ್ಲ. ನಾನೇ ಅಲ್ಲಿ ನಿಂತಿದ್ದೇನೆ ಅನ್ನಿಸಿತು. ಅಂದಿನಿಂದ ನನ್ನ ಬಟ್ಟೆಗಳೆಲ್ಲ ದೊಗಳೆ. ಒಳಗೆ ಮೈ ಎಷ್ಟಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ, ನನಗೂ. ಊಟವನ್ನು ಒಬ್ಬಳೇ ಕೂತು, ಬೇಗ ಬೇಗ ಮಾಡುವ ಅಭ್ಯಾಸವಾಯಿತು. ವರ್ಷಗಳು ಹೋದ ಹಾಗೆ ಬಟ್ಟೆ ದೊಗಳೆಯಾಗಿ ಉಳಿಯಲಿಲ್ಲ. ಗಂಡಿನ ಕಡೆಯವರು ನಮ್ಮೂರಲ್ಲಿ ಮೊದಲು ಗೋಡೆ ನೋಡಿ ಆಮೇಲೆ ಮನೆಗೆ ಬರುತ್ತಾರೆ. ಅಕ್ಕನ ಗೆರೆ ನೋಡಿದವರು ಆ ಸಂಜೆಯೇ ಬಂದರು. ನನ್ನದನ್ನು ನೋಡಿದವರು ಬರಲಿಲ್ಲ. ನಾನು ಹೊಲಿಗೆ ಮೆಷಿನ್ ಇಟ್ಟುಕೊಂಡೆ.

ನನಗೆ ನಲವತ್ತನಾಲ್ಕು, ಅಕ್ಕನಿಗೆ ನಲವತ್ತಾರು ಇದ್ದಾಗ, ಕಾರ್ತಿಕದ ಒಂದು ಬೆಳಿಗ್ಗೆ, ಅವಳು ನನ್ನ ಅಂಗಡಿಯ ಮೆಟ್ಟಿಲು ಹತ್ತುವಾಗ ಮುಗ್ಗರಿಸಿದಳು. ಬೀಳಲೂ ಇಲ್ಲ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು ಅಷ್ಟೆ. ಒಣಗಿದ ಕಡ್ಡಿ ಮುರಿದಂಥ ಸದ್ದು ನನಗೆ ಮೆಷಿನ್ನಿನ ಸದ್ದಿನ ನಡುವೆಯೂ ಕೇಳಿಸಿತು. ಅಕ್ಕ ತನ್ನ ಬಲಗೈ ಮಣಿಕಟ್ಟನ್ನು ಬೇರೆ ಯಾರದೋ ವಸ್ತು ನೋಡುವ ಹಾಗೆ ನೋಡುತ್ತ, "ವನೀ, ಕೈ ಹೋಯ್ತು ಕಣೇ" ಅಂದಳು. ಭಾವ ಊರಲ್ಲಿರಲಿಲ್ಲ. ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ನಾನು ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಪ್ಪತ್ತು ವರ್ಷ ದಾಟಿತ್ತು. ಅಲ್ಲಿ ತೂಕದ ಯಂತ್ರ ಇರುತ್ತದೆ ಎಂಬ ಒಂದೇ ಕಾರಣಕ್ಕೆ ಜ್ವರ ಬಂದರೂ ಮನೆಯಲ್ಲೇ ಮಲಗುತ್ತಿದ್ದೆ.

ಡಾಕ್ಟರ್ ಫರ್ಜಾನಾ ಹೊರಗಿನಿಂದ ಬಂದು ಇನ್ನೂ ಎರಡೇ ವರ್ಷವಾಗಿತ್ತು. ಗೋಡೆಯ ವಿಷಯ ಅವರಿಗೆ ಗೊತ್ತಿತ್ತು, ಆದರೆ ನೋಡಲು ಹೋಗಿರಲಿಲ್ಲ. ಎಕ್ಸರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಎಪ್ಪತ್ತು ವರ್ಷದವರ ಮೂಳೆ ಇದ್ದ ಹಾಗಿದೆ" ಅಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಮುಟ್ಟು ಸರಿಯಾಗಿ ಆಗ್ತಿತ್ತಾ ನಿಮಗೆ?"

ಅಕ್ಕ ನನ್ನನ್ನು ನೋಡಿದಳು. ನಾನು ಹೊರಗೆ ಹೋಗಲೇ ಎಂದು ಎದ್ದೆ. "ಇರು" ಅಂದಳು. "ಹದಿನಾರರಲ್ಲಿ ನಿಂತುಹೋಯ್ತು ಮೇಡಂ. ಮಧ್ಯೆ ಮಧ್ಯೆ ಬರ್ತಿತ್ತು. ಮದುವೆಯಾಗಿ ಆರು ವರ್ಷ ಮಕ್ಕಳಾಗಲಿಲ್ಲ. ಆಗ ಅತ್ತೆ ಬಲವಂತವಾಗಿ ತಿನ್ನಿಸಿದ್ರು. ಮಗಳು ಹುಟ್ಟಿದ ಮೇಲೆ ಮತ್ತೆ ನಿಂತ್ಹೋಯ್ತು."

ನಾವಿಬ್ಬರೂ ಒಂದೇ ಕೋಣೆಯಲ್ಲಿ ಬೆಳೆದವರು. ನನಗೆ ಇದು ಗೊತ್ತಿರಲಿಲ್ಲ.

"ಮೂಳೆ ಗಟ್ಟಿಯಾಗೋದೇ ಆ ವಯಸ್ಸಲ್ಲಿ" ಅಂದರು ಡಾಕ್ಟರು. "ಆಗ ಹೊಟ್ಟೆಗೆ ಹಾಕದೆ ಇದ್ರೆ ಅದು ಕಟ್ಕೊಳ್ಳೋದೇ ಇಲ್ಲ. ಇವತ್ತು ಮುರಿದಿರೋದು ನಿಮ್ಮ ಹದಿನಾರನೇ ವಯಸ್ಸಿನ ಕೈ." ಪ್ಲಾಸ್ಟರ್ ಹಾಕುವವನಿಗೆ ಹೇಳಿಕಳಿಸಿ, ನನ್ನನ್ನು ನೋಡಿ, "ನೀವೂ ಕೂತ್ಕೊಳ್ಳಿ. ಮೆಟ್ಲು ಹತ್ತಿ ಬಂದಾಗಿನಿಂದ ಏದುಸಿರು ಬಿಡ್ತಿದೀರಿ" ಅಂದರು. ನಾನು ಬೇಡ ಅಂದೆ. ಅವರು ಆಗಲೇ ತೋಳಿಗೆ ಪಟ್ಟಿ ಸುತ್ತುತ್ತಿದ್ದರು. ರಕ್ತದೊತ್ತಡ ನೂರ ಎಪ್ಪತ್ತೆಂಟು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮುನ್ನೂರರ ಹತ್ತಿರ. ನಾನು ಮೊದಲಿಂದಲೂ ದಪ್ಪ, ಗೋಡೆಯಲ್ಲೂ ಹಾಗೇ ಬರೆದದ್ದು ಅಂದೆ. ಹದಿನೈದರಲ್ಲಿ ನಿಮ್ಮ ತೂಕ ಎಷ್ಟಿತ್ತು ಎಂದು ಕೇಳಿದರು. ಸ್ಕೂಲಿನ ಕಾರ್ಡಿನಲ್ಲಿ ಬರೆದದ್ದು ನನಗೆ ನೆನಪಿತ್ತು. ನಲವತ್ತಾರು.

"ನಲವತ್ತಾರು ಕೆಜಿ ಇದ್ದ ಹುಡುಗಿ ದಪ್ಪ ಇದೀನಿ ಅಂತ ಯಾಕೆ ಅಂದ್ಕೊಂಡ್ರಿ?"

ನಾನು ಅವರು ಬರೆದುಕೊಟ್ಟ ಮಾತ್ರೆಯ ಚೀಟಿ ಮಡಚಿ ಮಡಚಿ ಬೆರಳಿನಷ್ಟು ಮಾಡಿದೆ.

ಆ ದಿನದಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಒಂದು ತೋಳು ಹೊಲಿದು ಎದ್ದು ಬಾಗಿಲಿಗೆ ಬರುತ್ತಿದ್ದೆ, ಇನ್ನೊಂದು ತೋಳು ಹಾಗೇ ಉಳಿಯುತ್ತಿತ್ತು. ರಸ್ತೆಯಲ್ಲಿ ಹೋಗುವವರನ್ನೆಲ್ಲ ನೋಡುತ್ತಿದ್ದೆ. ಇವರದೆಲ್ಲ ಅಗಲ ನನಗೆ ಬಾಯಿಪಾಠ. ಆದರೆ ಬಟ್ಟೆಯ ಒಳಗೆ ಯಾರು ಹೇಗಿದ್ದಾರೋ ಒಬ್ಬರದೂ ಗೊತ್ತಿಲ್ಲ. ಹತ್ತಿ ತುಂಬಿದ ಭುಜದವರು, ಉಸಿರು ಹಿಡಿದವರು, ಎಲ್ಲರೂ ನನಗೆ ನಮಸ್ಕಾರ ಹೇಳಿ ಹೋಗುತ್ತಿದ್ದರು.

ಅಕ್ಕನ ಮಗಳು ಮೇದಿನಿಗೆ ಆ ಸಂಕ್ರಾಂತಿಗೆ ಹದಿನೈದು ತುಂಬುತ್ತಿತ್ತು. ಸ್ಕೂಲು ಬಿಟ್ಟ ಮೇಲೆ ಅವಳು ನನ್ನ ಅಂಗಡಿಗೆ ಬಂದು ಹೋಂವರ್ಕ್ ಮಾಡುತ್ತಿದ್ದಳು. ಡಿಸೆಂಬರಿನಲ್ಲಿ ಒಂದು ದಿನ ಅವಳು ಹೋದ ಮೇಲೆ ಕತ್ತರಿಸುವ ಮೇಜಿನ ಕೆಳಗೆ ಹಳೇ ಪೇಪರುಗಳ ಸುರುಳಿ ಸಿಕ್ಕಿತು. ಬಿಡಿಸಿ ನೋಡಿದರೆ ಮೈಯುದ್ದದ ಗೆರೆಗಳು. ಮೊದಲನೆಯದು ಸುಮಾರಾಗಿ ಅವಳೇ. ಎರಡನೆಯದು ಸ್ವಲ್ಪ ಸಣ್ಣ. ಹೀಗೆ ಹನ್ನೊಂದು ಹಾಳೆ. ಕೊನೆಯದನ್ನು ನೆಲದ ಮೇಲೆ ಹಾಸಿ ನೋಡಿದಾಗ ಅದರೊಳಗೆ ಒಂದು ಮಗುವೂ ಹಿಡಿಸುವ ಹಾಗಿರಲಿಲ್ಲ.

ಮಾರನೆಯ ದಿನ ಅವಳೇ ಕೇಳಿದಳು. "ಚಿಕ್ಕಮ್ಮ, ಸೊಂಟದ ಹತ್ರ ಎಷ್ಟು ಬರೆದ್ರೆ ಚೆನ್ನಾಗಿ ಕಾಣುತ್ತೆ? ನಿಮಗೆ ಗೊತ್ತಿರುತ್ತಲ್ಲ."

"ನೀನು ಎಷ್ಟಿದೀಯೋ ಅಷ್ಟು ಬರಿ."

"ನಾನು ಎಷ್ಟಿದೀನಿ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಅದೂ ನಿಜವೇ. ಅವಳ ಮಧ್ಯಾಹ್ನದ ಊಟದ ಡಬ್ಬಿ ಬ್ಯಾಗಿನಲ್ಲಿ ಭಾರವಾಗಿಯೇ ಇತ್ತು. ತೆಗೆಯಲು ಹೋದರೆ ಬ್ಯಾಗನ್ನು ಎಳೆದುಕೊಂಡಳು.

ನಾನು ಪೇಪರುಗಳನ್ನು ಮಡಚಿಕೊಂಡು ಅಕ್ಕನ ಮನೆಗೆ ಹೋದೆ. ಅವಳು ಎಡಗೈಯಲ್ಲಿ ಬಟ್ಟೆ ಮಡಚಲು ಒದ್ದಾಡುತ್ತಿದ್ದಳು. ಹಾಳೆಗಳನ್ನು ಮಂಚದ ಮೇಲೆ ಹರಡಿದೆ.

"ಎಲ್ಲ ಹುಡುಗೀರೂ ಬರೀತಾರೆ" ಅಂದಳು.

"ಡಬ್ಬಿ ಮುಟ್ತಾ ಇಲ್ಲ ಅವಳು."

"ಪರೀಕ್ಷೆ ಹತ್ರ ಬಂತು, ಹಸಿವಿರಲ್ಲ."

"ಅಕ್ಕ, ಡಾಕ್ಟ್ರು ಹೇಳಿದ್ದು ನೀನೂ ಕೇಳಿದೀಯ."

ಅವಳ ಮುಖ ಬಿಗಿಯಿತು. "ನಿನಗೆ ಮೊದಲಿಂದಲೂ ಹೊಟ್ಟೆಕಿಚ್ಚು ವನೀ. ಆರು ಶಾಲು ನನಗೆ ಬಂತು ಅಂತ. ನಿನ್ನ ಗೆರೆ ಹಾಗಾಗಿದ್ದಕ್ಕೆ ನಾನೇನು ಮಾಡ್ಲಿ?"

ಆಗ ನನ್ನ ಬಾಯಿಂದ ಮೂವತ್ತು ವರ್ಷ ಹೇಳದ ಮಾತು ಬಂತು. "ನಿನ್ನ ಲಂಗ ಹಾಕ್ಕೊಂಡು ಬೆಳೆದೆ ಕಣೇ ನಾನು. ನೀನು ಬರೆದ ಸುಳ್ಳಿನ ಅಳತೆಗೆ ಹೊಲಿದಿದ್ದನ್ನ. ಅದು ನನಗೆ ಆಗಲಿಲ್ಲ ಅಂತ ನಾನು ದಪ್ಪ ಅಂದ್ಕೊಂಡೆ. ನಲವತ್ತಾರು ಕೆಜಿ ಇದ್ದೆ."

ಹೇಳುವಾಗಲೇ ನನಗೂ ಅದು ಮೊದಲ ಸಲ ಸರಿಯಾಗಿ ಅರ್ಥವಾಗಿದ್ದು. ಡಾಕ್ಟರ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ಅಕ್ಕ ಮಡಚುತ್ತಿದ್ದ ಸೀರೆ ಕೈಯಿಂದ ಜಾರಿತು, ಎತ್ತಿಕೊಳ್ಳಲಿಲ್ಲ. ನಾನು ಪೇಪರುಗಳನ್ನು ಅಲ್ಲೇ ಬಿಟ್ಟು ಬಂದೆ. ಅಲ್ಲಿಂದ ಸಂಕ್ರಾಂತಿಯವರೆಗೆ ನಾವು ಮಾತಾಡಲಿಲ್ಲ. ಮೇದಿನಿಯೂ ಅಂಗಡಿಗೆ ಬರಲಿಲ್ಲ.

ಆ ಸೋಮವಾರ ಇಡೀ ಊರು ಸ್ಕೂಲಿನ ಹಿಂದೆ ಸೇರಿತ್ತು. ದರ್ಜಿಗಳು ಮುಂದಿನ ಸಾಲಿನಲ್ಲಿ ನಿಲ್ಲಬೇಕು, ಹೊಸ ಗೆರೆಗಳ ಅಳತೆ ಬರೆದುಕೊಳ್ಳಲು. ನಾನು ನಿಂತಲ್ಲಿ ನಿಲ್ಲಲಾಗದೆ ಕಾಲು ಬದಲಿಸುತ್ತಿದ್ದೆ. ಅಕ್ಕ ಆ ಕೊನೆಯಲ್ಲಿ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿಟ್ಟು ನಿಂತಿದ್ದಳು. ಮೇದಿನಿ ಹದಿನಾಲ್ಕನೆಯವಳು. ಇದ್ದಿಲು ತೆಗೆದುಕೊಂಡಳು, ಗೋಡೆಯ ಮುಂದೆ ಸುಮ್ಮನೆ ನಿಂತಳು. ಎಷ್ಟು ಹೊತ್ತು ನಿಂತಳೆಂದರೆ ಮೇಷ್ಟ್ರು ಕೆಮ್ಮಿದರು. ಒಮ್ಮೆ ತಿರುಗಿ ತಾಯಿಯನ್ನು ನೋಡಿ, ಆಮೇಲೆ ಒಂದೇ ಉಸಿರಿನಲ್ಲಿ ಬರೆದಳು.

ಕೊನೆಯ ಹಾಳೆಯ ಗೆರೆ ಅಲ್ಲ ಅದು. ಜನ ಅದನ್ನು ಸರಿಯಾಗಿದೆ ಎಂದೇ ತಿಳಿದರು. ನನ್ನ ಕಣ್ಣು ದರ್ಜಿಯದು. ಅವಳಿಗಿಂತ ಅದು ಎರಡು ಬೆರಳು ಸಣ್ಣಗಿತ್ತು. ಎದೆಗೆ, ಸೊಂಟಕ್ಕೆ, ತೊಡೆಗೆ, ಎಲ್ಲ ಕಡೆಯೂ ಲೆಕ್ಕ ಹಿಡಿದ ಹಾಗೆ ಎರಡು ಬೆರಳು. ಎರಡು ಬೆರಳಿಗೆ ಏನಾಗುತ್ತದೆ ಎಂದು ಯಾರಾದರೂ ಕೇಳಬಹುದು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಎರಡು ಬೆರಳು ಬಿಗಿಯಾದ ರವಿಕೆಯ ಗುಂಡಿ ಹಾಕಿಕೊಳ್ಳುವವಳಿಗೆ ಅದು ಗೊತ್ತಾಗುತ್ತದೆ.

ಮೂರನೆಯ ದಿನ ಮಧ್ಯಾಹ್ನ ತಾಯಿ ಮಗಳು ಯೂನಿಫಾರ್ಮಿನ ಬಟ್ಟೆ ಹಿಡಿದು ಅಂಗಡಿಗೆ ಬಂದರು. ನಾನು ಬಾಗಿಲು ಮುಂದೆ ಮಾಡಿ, ಕೊರಳಿನ ಟೇಪು ಕೈಗೆ ತೆಗೆದುಕೊಂಡೆ.

"ಮೇದಿನಿ, ಹತ್ರ ಬಾ. ನಿನ್ನ ಮೈ ಅಳತೆ ತಗೋತೀನಿ."

ಅವಳು ಹಿಂದೆ ಸರಿದಳು. "ಬೇಡ ಚಿಕ್ಕಮ್ಮ. ಗೋಡೆದೇ ಹಾಕಿ. ನಾನು ಸರಿಮಾಡ್ಕೋತೀನಿ. ಒಂದು ತಿಂಗಳು ಸಾಕು."

"ಅದು ಆಗಲ್ಲ."

"ಯಾಕಾಗಲ್ಲ? ಅಮ್ಮನಿಗೆ ಆಗ್ಲಿಲ್ವಾ?"

ಅಕ್ಕ ಅಂಗಡಿಯ ಗೋಡೆಗೆ ಒರಗಿ ನಿಂತಿದ್ದಳು. ಅವಳು ಜೋಳಿಗೆಯ ಗಂಟನ್ನು ಹಲ್ಲಿನಲ್ಲಿ ಎಳೆದು ಬಿಚ್ಚಿದ್ದನ್ನು ನೋಡಿ, ಕೈ ನೋಯುತ್ತಿದೆ ಅಂದುಕೊಂಡೆ. "ವನೀ" ಅಂದಳು, "ಮೊದಲು ನನ್ನದು ತಗೋ." ಸೆರಗನ್ನು ಸರಿಸಿ ಮುಂದೆ ಬಂದು ನಿಂತಳು.

ಇಪ್ಪತ್ತೆರಡು ವರ್ಷದಿಂದ ಅಕ್ಕನ ರವಿಕೆಗಳನ್ನೆಲ್ಲ ಹೊಲಿದವಳು ನಾನು. ಅವು ಅವಳಿಗೆ ಹೇಳಿಮಾಡಿಸಿದ ಹಾಗೆ ಕೂರುತ್ತವೆ ಎಂದು ಊರೇ ಹೇಳುತ್ತಿತ್ತು. ಟೇಪನ್ನು ಅವಳ ಬೆನ್ನಿನಿಂದ ಸುತ್ತಿ ತರುವಾಗ ಬೆರಳಿಗೆ ಏನೋ ಚುಚ್ಚಿತು. ರವಿಕೆಯ ಒಳಮಗ್ಗುಲನ್ನು ತಿರುಗಿಸಿದೆ. ಕಂಕುಳಿನಿಂದ ಕೆಳಗಿನ ಅಂಚಿನವರೆಗೆ ಬಟ್ಟೆಯನ್ನು ಮಡಚಿ ಮಡಚಿ ಸಾಲಾಗಿ ಪಿನ್ನು ಹಾಕಿದ್ದಳು. ಒಂದು ಕಡೆ ಏಳು, ಇನ್ನೊಂದು ಕಡೆ ಎಂಟು. ಆ ಕಡ್ಡಿಯಂಥ ಗೆರೆಯ ಅಳತೆಯೂ ಅವಳಿಗೆ ದೊಡ್ಡದಾಗಿಬಿಟ್ಟಿತ್ತು.

"ಯಾವಾಗಿಂದ?" ಅಂದೆ.

"ಮೂವತ್ತೈದಕ್ಕೇ. ಗೆರೆಗೆ ಸರಿಯಾದೆ, ಆದ್ರೆ ನಿಲ್ಲಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ." ಮಗಳ ಕಡೆ ನೋಡದೆ, ಎದುರಿನ ಮೆಷಿನ್ನನ್ನು ನೋಡುತ್ತ ಹೇಳಿದಳು. "ಶಾಲು ಹೊದಿಸುವಾಗ ಈ ಪಿನ್ನು ಚುಚ್ಚುತ್ತೆ ಮೇದಿನಿ. ನಗ್ತಾ ನಿಂತಿರ್ತೀನಿ. ಮೆಟ್ಟಿಲು ನೋಡಿದ್ರೆ ಭಯ. ನಿನ್ನನ್ನ ಎತ್ಕೊಳ್ತಾನೇ ಇರಲಿಲ್ಲ ಅಂತ ನೀನು ಚಿಕ್ಕವಳಿದ್ದಾಗ ಅಳ್ತಿದ್ದೆ. ಕೈಲಿ ಶಕ್ತಿ ಇರಲಿಲ್ಲ ಅದಕ್ಕೆ. ಬೇರೇನೂ ಅಲ್ಲ."

ಮೇದಿನಿ ಅಳಲಿಲ್ಲ. ಹತ್ತಿರ ಬಂದು ಒಂದೊಂದೇ ಪಿನ್ನು ಬಿಚ್ಚತೊಡಗಿದಳು. ಹದಿನೈದೂ ಬಿಚ್ಚಿ ಮೇಜಿನ ಮೇಲಿಟ್ಟಳು. ನಾನು ಅಕ್ಕನ ಎದೆ, ಸೊಂಟ, ತೋಳು ಅಳೆದು, ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಹೇಳಿ ಬರೆದೆ. ಅದಾದ ಮೇಲೆ ಟೇಪನ್ನು ಅಕ್ಕ ಕಸಿದುಕೊಂಡಳು. "ಈಗ ನೀನು" ಅಂದಳು. ನನಗೆ ಬಾಗಿಲ ಕಡೆ ಹೋಗಿಬಿಡೋಣ ಅನ್ನಿಸಿತು. ಎಡಗೈ ಒಂದರಲ್ಲೇ ಅವಳು ಸುತ್ತಲು ಹೋದಾಗ ಇನ್ನೊಂದು ತುದಿಯನ್ನು ಮೇದಿನಿ ಹಿಡಿದಳು. ನಲವತ್ತೆರಡು ಇಂಚು ಅಂದಳು ಮೇದಿನಿ. ಅದನ್ನು ಕೇಳಿದರೆ ಏನಾಗುವುದೋ ಎಂದು ಇಷ್ಟು ವರ್ಷ ಹೆದರಿದ್ದೆ. ಬೆವರು ಬಂತು, ಹೋಯಿತು. ಯಾರೂ ನಗಲಿಲ್ಲ.

ಕೊನೆಗೆ ಮೇದಿನಿ ತಾನೇ ಕೈ ಅಗಲಿಸಿ ನಿಂತಳು, ಕಣ್ಣು ಮುಚ್ಚಿಕೊಂಡು.

ಮೇದಿನಿಯ ಯೂನಿಫಾರ್ಮನ್ನು ನಾನು ಮೈಯಳತೆಗೆ ಹೊಲಿದೆ. ಮಾತು ಹರಡಲು ವಾರವೂ ಬೇಕಾಗಲಿಲ್ಲ. ದರ್ಜಿಗಳ ಸಂಘದ ಶೇಷಪ್ಪನವರು ಇಬ್ಬರನ್ನು ಕರೆದುಕೊಂಡು ಬಂದು, "ವನಮಾಲಮ್ಮ, ಇದು ನಿಮಗೆ ತರವಲ್ಲ" ಅಂದರು. ಮೂರು ತಿಂಗಳು ಅಂಗಡಿಯ ಬೋರ್ಡು ಇಳಿಸುವಂತೆ ತೀರ್ಮಾನವಾಯಿತು. ನಾನು ವಾದ ಮಾಡಲಿಲ್ಲ, ಸ್ಟೂಲು ಹಾಕಿ ಇಳಿಸಿಕೊಟ್ಟೆ. ಹೆಗಲಿಗಿಟ್ಟು ಹೊರಡುವಾಗ ಬೋರ್ಡಿನ ಭಾರಕ್ಕೆ ಶೇಷಪ್ಪನವರ ಅಂಗಿಯ ಭುಜದಿಂದ ಹತ್ತಿ ಇಣುಕಿತು. ಅದನ್ನು ಒಳಗೆ ತುರುಕಿಕೊಂಡು, ಸ್ವಲ್ಪ ತಡೆದು, "ಮೈಯಳತೆ ತಗೊಂಡ್ರೆ ನೋವಾಗುತ್ತಾ?" ಎಂದು ಮೆತ್ತಗೆ ಕೇಳಿದರು. ಮೊದಲು ಸ್ವಲ್ಪ ಆಗುತ್ತೆ ಅಂದೆ. ಅವರು ಹೋದರು.

ಬೋರ್ಡಿಲ್ಲದ ಆ ದಿನಗಳಲ್ಲಿ ನಾನು ಬೆಳಿಗ್ಗೆ ಹೊತ್ತು ನಡೆಯಲು ಶುರುಮಾಡಿದೆ, ದೊಡ್ಡ ಬೀದಿಯಲ್ಲೇ. ಮೊದಲ ವಾರ ಜನ ನೋಡಿದರು, ಆಮೇಲೆ ಬಿಟ್ಟರು. ಸಕ್ಕರೆ ನೂರ ತೊಂಬತ್ತಕ್ಕೆ ಇಳಿಯಿತು. ಅಕ್ಕನ ವಿಷಯದಲ್ಲಿ ಡಾಕ್ಟರು ಸುಳ್ಳು ಹೇಳಲಿಲ್ಲ. ಮೂವತ್ತು ವರ್ಷದಲ್ಲಿ ಆಗದೆ ಹೋದ ಮೂಳೆ ಇನ್ನು ಆಗುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಅಂದರು. ಅಕ್ಕ ಆ ಮಾತಿಗೆ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, "ಯಾರಾದ್ರೂ ಆಗಲೇ ಹೇಳ್ಬೇಕಿತ್ತು" ಅಂದಳು. ಹೇಳಿದ್ದರೆ ಕೇಳುತ್ತಿದ್ದಳೋ ಇಲ್ಲವೋ, ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೇದಿನಿ ಈಗ ಡಬ್ಬಿ ಖಾಲಿ ಮಾಡುತ್ತಾಳೆ. ಕೆಲವು ದಿನ ಮಾಡುವುದಿಲ್ಲ. ಆ ದಿನಗಳಲ್ಲಿ ನನಗೆ ಹೊಲಿಗೆ ಓಡುವುದಿಲ್ಲ.

ಪ್ಲಾಸ್ಟರ್ ಬಿಚ್ಚಿಸಿ, ಎರಡನೆಯ ಸಲ ತೋರಿಸಿಕೊಂಡು ಬರುವ ದಿನ ಆಸ್ಪತ್ರೆಯ ಎದುರಿನ ಹೋಟೆಲಿನ ಮುಂದೆ ಅಕ್ಕ ನಿಂತಳು. "ಏನಾದ್ರೂ ತಿನ್ನೋಣ್ವಾ?" ಅಂದಳು. ನಮಗೆ ಬುದ್ಧಿ ಬಂದಾಗಿನಿಂದ ಅವಳು ನನ್ನನ್ನು ಹಾಗೆ ಕೇಳಿದ್ದೇ ಇಲ್ಲ. ಕಿಟಕಿಯ ಪಕ್ಕ ಕೂತೆವು. ಎರಡು ಪ್ಲೇಟು ಇಡ್ಲಿ ಬಂತು. ಅವಳು ಒಂದು ತುಂಡು ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟಳು. ಇನ್ನೊಂದು ತುಂಡು ಮುರಿದು ಕೈಯಲ್ಲೇ ಹಿಡಿದುಕೊಂಡಳು. ಅದನ್ನು ತಟ್ಟೆಯಲ್ಲಿಟ್ಟು ಎದ್ದಳು. ಕೈತೊಳೆಯುವಲ್ಲಿಗೆ ಹೋದಳು, ತೊಳೆಯದೆ ಬಾಗಿಲಿಗೆ ಬಂದಳು, ರಸ್ತೆಯನ್ನು ಆ ಕಡೆ ಈ ಕಡೆ ನೋಡಿದಳು. ಹಿಂದೆ ಹೋಗಿ ಕರೆಯಬೇಕು ಅನ್ನಿಸಿತು. ಮೇಜಿನ ಅಂಚನ್ನು ಹಿಡಿದು ಕೂತೇ ಇದ್ದೆ. ಒಂದು ಬಸ್ಸು ಬಂದು ನಿಂತು, ಜನರನ್ನು ಹತ್ತಿಸಿಕೊಂಡು ಹೋಯಿತು. ಅಕ್ಕ ಇನ್ನೂ ಅಲ್ಲೇ ಇದ್ದಳು. ಆಮೇಲೆ ತಿರುಗಿ, ಮೇಜುಗಳ ನಡುವೆ ನಿಧಾನವಾಗಿ ನಡೆದು ಬಂದು ಕೂತಳು. ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

"ಚಟ್ನಿ ಇನ್ನೊಂಚೂರು ಹಾಕೋಕೆ ಹೇಳು" ಅಂದಳು.